ಮನೆಯ ಮದ್ದಿನ ಪೆಟ್ಟಿಗೆ: ಟೀ ಟ್ರೀ ಎಣ್ಣೆ

ಔಷಧದ ಅಂಗಡಿಗಳಲ್ಲಿ ಈಚೆಗೆ ‘ಟೀ ಟ್ರೀ ಆಯಿಲ್’ ಎಂಬ ಚೀಟಿಯನ್ನು ಅಂಟಿಸಿದ ಚಿಕ್ಕ ಸೀಸೆಗಳು ಮಾರಾಟಕ್ಕೆ ಬರುತ್ತಿವೆ. ಗಿಡದಿಂದ ದೊರೆತ ವಸ್ತುವಾದುದರಿಂದ ಇದರಿಂದ ಯಾವ ಕೇಡೂ ಆಗಲಾರದೆಂಬ ನಂಬಿಕೆಯು ಅನೇಕ ಗೃಹಿಣಿಯರಲ್ಲಿ ಉಂಟು. ಆದರೆ ಕಾಸರಕವೂ ಮರದಲ್ಲಿಯೇ ಬಿಡುವುದಷ್ಟೆ! ಆದುದರಿಂದ ಈ ಎಣ್ಣೆಯ ಗುಣವನ್ನೂ ದೋಷವನ್ನೂ ಈ ತಿಂಗಳು ವಿಚಾರಿಸುವೆವು.

ಹೆಸರಿನಲ್ಲಿ ‘ಟೀ’ ಇದ್ದರೂ ನಾವು ಕುಡಿಯುವ ಚಹಾ ಗಿಡಕ್ಕೂ ಇದಕ್ಕೂ ಯಾವ ನಂಟೂ ಇಲ್ಲ. ಇದು ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್ ಪ್ರಾಂತದ ಜೌಗು ನೆಲಗಳಲ್ಲಿ ಬೆಳೆಯುವ ಮೆಲಲ್ಯೂಕ ಆಲ್ಟರ್ನಿಫೋಲಿಯ ಎಂಬ ಸಣ್ಣ ಮರ. ನಮ್ಮ ನೇರಳೆ, ಸೀಬೆ, ಲವಂಗ, ನೀಲಗಿರಿ ಇವೆಲ್ಲವೂ ಇದರ ದಾಯಾದಿಗಳೇ. ಆ ಸೀಮೆಯ ಮೂಲನಿವಾಸಿಗಳಾದ ಬಂಡ್ಜಲಂಗ್ ಜನರು ಇದರ ಎಲೆಗಳನ್ನು ಜಜ್ಜಿ ಗಾಯಗಳಿಗೆ ಕಟ್ಟುತ್ತಿದ್ದರು. ಸಿಡ್ನಿಯ ರಸಾಯನಶಾಸ್ತ್ರಜ್ಞರಾದ ಆರ್ಥರ್ ಪೆನ್‌ಫೋಲ್ಡರು 1920ರ ದಶಕದಲ್ಲಿ ಈ ಎಣ್ಣೆಯನ್ನು ಪರೀಕ್ಷಿಸಿ, ಕ್ರಿಮಿನಾಶದಲ್ಲಿ ಇದು ಕಾರ್ಬಾಲಿಕ್ ಆಮ್ಲಕ್ಕಿಂತ 11 ಪಟ್ಟು ಬಲವುಳ್ಳದ್ದೆಂದು ತಿಳಿಸಿದರು.

ಎಲೆಗಳನ್ನೂ ಎಳೆಯ ಕಡ್ಡಿಗಳನ್ನೂ ಹಬೆಯಲ್ಲಿ ಬೇಯಿಸಿ, ಆ ಹಬೆಯನ್ನು ತಣಿಸಿದರೆ ಎಣ್ಣೆಯು ನೀರಿನ ಮೇಲೆ ತೇಲುವುದು. ಇದರಲ್ಲಿರುವ ಟರ್ಪಿನೆನ್-4-ಓಲ್ ಎಂಬ ದ್ರವ್ಯವೇ ಕ್ರಿಮಿಗಳ ಹೊರಪೊರೆಯನ್ನು ಕೆಡಿಸಿ ಅವನ್ನು ಕೊಲ್ಲತಕ್ಕದ್ದು. ಮೊಡವೆಗಳ ವಿಷಯದಲ್ಲಿ ಸಿಡ್ನಿಯಲ್ಲಿ 124 ರೋಗಿಗಳ ಮೇಲೆ ನಡೆದ ಒಂದು ಪರೀಕ್ಷೆಯು 1990ರಲ್ಲಿ ಪ್ರಕಟವಾಯಿತು. ನೂರಕ್ಕೆ 5ರಷ್ಟು ಎಣ್ಣೆಯುಳ್ಳ ಲೇಪವು ರೂಢಿಯ ಔಷಧವಾದ ಬೆಂಜಾಯಿಲ್ ಪೆರಾಕ್ಸೈಡಿಗಿಂತ ನಿಧಾನವಾಗಿ ಕೆಲಸಮಾಡಿದರೂ ಮೊಡವೆಗಳನ್ನು ತಗ್ಗಿಸಿತು. ಉರಿ ಮೊದಲಾದ ಉಪದ್ರವಗಳೂ ಕಡಮೆಯಾಗಿದ್ದವು. ಕಾಲ್ಬೆರಳ ಸಂದಿನ ಬೂಷ್ಟುರೋಗಕ್ಕೆ ನೂರಕ್ಕೆ 10ರ ಲೇಪವನ್ನು ಹಚ್ಚಿ ನೋಡಿದಾಗ ನವೆಯು ಶಮನವಾಯಿತೇ ಹೊರತು ಬೂಷ್ಟು ನಿರ್ಮೂಲವಾಗಲಿಲ್ಲ. ಸರ್ವರೋಗಕ್ಕೂ ಇದೇ ಮದ್ದೆಂಬ ಜಾಹೀರಾತಿನ ಮಾತು ನಂಬತಕ್ಕದ್ದಲ್ಲ.

ಉಪಯೋಗಿಸುವ ಕ್ರಮ: ಶುದ್ಧವಾದ ಎಣ್ಣೆಯನ್ನು ಹಾಗೆಯೇ ಚರ್ಮಕ್ಕೆ ಹಚ್ಚಕೂಡದು. ಒಂದು ಟೀ ಚಮಚ ಕೊಬ್ಬರಿ ಎಣ್ಣೆಗೆ ಐದು ತೊಟ್ಟು ಬೆರೆಸಿದರೆ ಸುಮಾರು ನೂರಕ್ಕೆ 5ರ ಪ್ರಮಾಣವಾಗುವುದು. ಮೊದಲು ಮುಂಗೈಯ ಒಳಭಾಗದಲ್ಲಿ ಸ್ವಲ್ಪ ಹಚ್ಚಿ ಎರಡು ದಿನ ಕಾದು ನೋಡಬೇಕು. ಕೆಂಪು, ನವೆ, ಗುಳ್ಳೆ ಇವುಗಳಲ್ಲಿ ಯಾವುದು ಕಂಡರೂ ಈ ಎಣ್ಣೆಯು ನಿಮಗೆ ಒಗ್ಗದೆಂದು ತಿಳಿಯಿರಿ. ಕಣ್ಣು, ಕಿವಿಯ ಒಳಭಾಗ, ಸುಟ್ಟ ಗಾಯ ಇವುಗಳಿಗೆ ಸೋಕಿಸಲೇಬಾರದು. ಸಾಕಿದ ಬೆಕ್ಕುನಾಯಿಗಳ ಮೈಗೂ ಹಚ್ಚಬಾರದು. ಅವಕ್ಕೆ ನಡುಕವೂ ನಿತ್ರಾಣವೂ ಉಂಟಾಗುವುವು.

ಇನ್ನು ಮುಖ್ಯವಾದ ಎಚ್ಚರಿಕೆ. ಈ ಎಣ್ಣೆಯು ಹೊಟ್ಟೆಗೆ ಹೋದರೆ ವಿಷ. ಅಮೆರಿಕದಲ್ಲಿ ಎರಡು ವರ್ಷ ತುಂಬದ ಮಗುವೊಂದು 10 ಮಿಲಿಲೀಟರಿಗಿಂತಲೂ ಕಡಮೆ, ಎಂದರೆ ಎರಡು ಟೀ ಚಮಚವೂ ತುಂಬದಷ್ಟು, ಕುಡಿದು ಅರ್ಧ ಗಂಟೆಯೊಳಗೆ ಮಂಕು ಕವಿದು ನಡೆಯಲಾರದೆ ಹೋದ ಸಂಗತಿಯು 1994ರಲ್ಲಿ ವೈದ್ಯಪತ್ರಿಕೆಯಲ್ಲಿ ವರದಿಯಾಯಿತು. ಪುಣ್ಯವಶಾತ್ ಚಿಕಿತ್ಸೆಯಿಂದ ಆ ಮಗುವು ಚೇತರಿಸಿಕೊಂಡಿತು. ನೆಗಡಿಗೆಂದು ನಮ್ಮ ಮನೆಗಳಲ್ಲಿ ಇಟ್ಟಿರುವ ನೀಲಗಿರಿ ಎಣ್ಣೆಗೂ ಈ ಮಾತು ಸಲ್ಲುವುದು. ಮಗುವು ಇಂಥ ಎಣ್ಣೆಯನ್ನು ಕುಡಿದಿತೆಂದು ಸಂಶಯ ಬಂದರೂ ಸಾಕು, ವಾಂತಿ ಮಾಡಿಸಲು ಹೋಗದೆ, ಆ ಸೀಸೆಯನ್ನೂ ಕೈಯಲ್ಲಿ ಹಿಡಿದು ಒಡನೆಯೇ ಆಸ್ಪತ್ರೆಗೆ ಧಾವಿಸಬೇಕು.

ಗಾಳಿ, ಬೆಳಕು, ಬಿಸಿ ಇವು ತಾಕಿದರೆ ಎಣ್ಣೆಯು ಕೆಟ್ಟು, ಹಳೆಯದಾದಷ್ಟೂ ಚರ್ಮಕ್ಕೆ ಹೆಚ್ಚು ಒಗ್ಗದಂತಾಗುವುದು. ಆದುದರಿಂದ ಕಪ್ಪುಬಣ್ಣದ ಗಾಜಿನ ಸೀಸೆಯಲ್ಲಿ ಬಿರಡೆಯನ್ನು ಬಿಗಿದು ತಂಪಾದ ಸ್ಥಳದಲ್ಲಿಡಿ; ತೆರೆದ ದಿನವನ್ನು ಚೀಟಿಯ ಮೇಲೆ ಬರೆಯಿರಿ; ವಾಸನೆ ಬದಲಾದುದನ್ನು ಬಿಸಾಡಿರಿ. ಗ್ರೈಪ್ ವಾಟರು, ಕೆಮ್ಮಿನ ಔಷಧ ಇವುಗಳ ಸಾಲಿನಲ್ಲಿ ಮಾತ್ರ ಇಡಬೇಡಿರಿ. ಅರೆನಿದ್ದೆಯಲ್ಲಿ ಎದ್ದು ಮಗುವಿಗೆ ಮದ್ದು ಹಾಕುವ ತಾಯಿಗೆ ಎಲ್ಲ ಸೀಸೆಗಳೂ ಒಂದೇ ಬಗೆಯಾಗಿ ಕಾಣುವುವು. ಹೊರಗೆ ಹಚ್ಚುವ ಮದ್ದಿಗೆ ಬೇರೆಯ ಪೆಟ್ಟಿಗೆ, ಅದಕ್ಕೊಂದು ಬೀಗ: ಇಷ್ಟನ್ನು ಈ ಹೊತ್ತೇ ಏರ್ಪಡಿಸಿರಿ.