ಸೈಕಲ್ಲಿನವನ ಪಾಲಿನ ಎರಡು ಮೀಟರ್ ಎಲ್ಲಿ?

ಊರಿಗೆ ಹೊಸ ರಸ್ತೆ ಬರುತ್ತದೆಂದರೆ ಎಲ್ಲರಿಗೂ ಖುಷಿ. ಗಿರಾಕಿ ಹೆಚ್ಚಿಯಾರೆಂದು ಅಂಗಡಿಯವರು ಲೆಕ್ಕ ಹಾಕುತ್ತಾರೆ. ಬೀದರ್‌ಗೆ ಹೋಗಿ ಬರುವವರು ಕಾಲು ಗಂಟೆ ಉಳಿದೀತೆಂದು ಎಣಿಸುತ್ತಾರೆ. ಪುಢಾರಿಗಳು ಭೂಮಿಪೂಜೆಗೆ ತೆಂಗಿನಕಾಯಿ ತರುತ್ತಾರೆ. ಗುದ್ದಲಿ ಬೀಳುತ್ತದೆ, ಚಪ್ಪಾಳೆ ಬೀಳುತ್ತದೆ, ಫೋಟೋ ಬರುತ್ತದೆ. ಆ ರಸ್ತೆಯ ನಕಾಶೆಯಲ್ಲಿ ಲಾರಿಗೆ ಜಾಗ ಉಂಟು, ಕಾರಿಗೆ ಜಾಗ ಉಂಟು, ನಡುವೆ ಹೂವಿನ ಗಿಡಕ್ಕೂ ಜಾಗ ಉಂಟು. ಸೈಕಲ್ಲಿನವನಿಗೆ ಮಾತ್ರ ಇಲ್ಲ.

ಯಾರು ಈ ಸೈಕಲ್ಲಿನವನು? ಬೆಳಗಿನ ಜಾವ ಹಾಲಿನ ಕ್ಯಾನು ತೂಗುಹಾಕಿಕೊಂಡು ಪಟ್ಟಣಕ್ಕೆ ಬರುವ ರೈತ. ಪೇಪರ್ ಹಾಕುವ ಹುಡುಗ. ಬುತ್ತಿ ಕಟ್ಟಿಕೊಂಡು ಕೆಲಸಕ್ಕೆ ಹೊರಟ ಗೌಂಡಿ. ಹ್ಯಾಂಡಲಿಗೆ ಚೀಲ ಸಿಕ್ಕಿಸಿಕೊಂಡು ಸಂತೆಗೆ ಬರುವ ಮುದುಕ. ಬಸ್ಸು ಕಾಣದ ತಾಂಡಾದಿಂದ ಹೈಸ್ಕೂಲಿಗೆ ಬರುವ ಹುಡುಗಿ. ಇವರಾರೂ ಪೇಟೆಗೆ ಹೊರಗಿನವರಲ್ಲ. ಅಂಗಡಿಯಲ್ಲಿ ಕಾಲು ಕಿಲೋ ಸಕ್ಕರೆ ಕೊಳ್ಳುವವರು ಇವರೇ, ಚುನಾವಣೆ ದಿನ ಸಾಲಿನಲ್ಲಿ ಮೊದಲು ನಿಲ್ಲುವವರೂ ಇವರೇ.

2011ರ ಜನಗಣತಿ ಏನು ಹೇಳಿತು ನೋಡ್ರಿ. ದೇಶದ ನೂರು ಮನೆಗಳಲ್ಲಿ ಸುಮಾರು 45 ಮನೆಗಳಲ್ಲಿ ಸೈಕಲ್ ಇತ್ತು. ಸ್ಕೂಟರ್, ಮೋಟಾರ್ ಸೈಕಲ್ ಇದ್ದದ್ದು 21 ಮನೆಗಳಲ್ಲಿ. ಕಾರು, ಜೀಪು ಇದ್ದ ಮನೆಗಳು ಐದಕ್ಕಿಂತ ಕಡಿಮೆ. ಆಮೇಲೆ ಮೋಟಾರ್ ಸೈಕಲ್ ಬಹಳ ಹೆಚ್ಚಿದವು ಖರೆ. ಆದರೂ ಪೆಟ್ರೋಲ್ ಹಾಕಿಸಲು ಕಾಸಿಲ್ಲದವನ ಗಾಡಿ ಇವತ್ತಿಗೂ ಸೈಕಲ್ಲೇ.

ಸೈಕಲ್ ಕೊಟ್ಟರು, ದಾರಿ ಕೊಡಲಿಲ್ಲ

ಒಂದು ಕಾಲದಲ್ಲಿ ಹಲವು ಊರುಗಳ ಮುನ್ಸಿಪಾಲಿಟಿಗಳು ಸೈಕಲ್ಲಿಗೂ ತೆರಿಗೆ ಹಾಕುತ್ತಿದ್ದವು. ಬಿಲ್ಲೆ ಇಲ್ಲದಿದ್ದರೆ ದಂಡ, ರಾತ್ರಿ ದೀಪ ಇಲ್ಲದಿದ್ದರೆ ದಂಡ, ಇಬ್ಬರು ಕೂತರೆ ದಂಡ. ತೆರಿಗೆ ತೆಗೆದುಕೊಂಡವರು ಆ ದುಡ್ಡಿಗೆ ಎಷ್ಟು ದಾರಿ ಮಾಡಿಕೊಟ್ಟರೆಂದು ಕೇಳಿದವರಿಲ್ಲ.

ಮುಂದೆ ಸರ್ಕಾರವೇ ಸೈಕಲ್ ಕೊಡುವ ಕಾಲವೂ ಬಂತು. 2006–07ರಲ್ಲಿ ಎಂಟನೇ ತರಗತಿಯ ಬಡ ಮಕ್ಕಳಿಗೆ ಉಚಿತ ಸೈಕಲ್ ಯೋಜನೆ ಶುರುವಾಯಿತು. ಒಳ್ಳೆಯ ಯೋಜನೆ, ಅದನ್ನು ಹೊಗಳಲೇಬೇಕು. ಏಳನೇ ತರಗತಿ ಮುಗಿಸಿ ಮನೆಯಲ್ಲಿ ಕೂರಬೇಕಾದ ಎಷ್ಟೋ ಹೆಣ್ಣುಮಕ್ಕಳು ಆ ಸೈಕಲ್ಲಿನ ಮೇಲೆ ಹೈಸ್ಕೂಲು ಕಂಡರು. ಕೋವಿಡ್ ಕಾಲದಲ್ಲಿ ವಿತರಣೆ ನಿಂತಿತು. ಹದಿಮೂರು ವರ್ಷಗಳ ಮೇಲ್ಪಟ್ಟು ಸೈಕಲ್ ಹಂಚಿದ ಸರ್ಕಾರಗಳು ಆ ಮಕ್ಕಳು ಯಾವ ದಾರಿಯಲ್ಲಿ ಹೋಗಬೇಕೆಂದು ಯೋಚಿಸಿದ್ದರೆ, ಶಾಲೆಗೊಂದು ಸೈಕಲ್ ದಾರಿ ಅಷ್ಟೊತ್ತಿಗೆ ಆಗಿಹೋಗುತ್ತಿತ್ತು. ಸೈಕಲ್ಲು ಶಿಕ್ಷಣ ಇಲಾಖೆಯದು, ರಸ್ತೆ ಲೋಕೋಪಯೋಗಿಯದು. ಎರಡು ಇಲಾಖೆಯ ನಡುವೆ ಮಗು ಡಾಂಬರಿನ ಅಂಚಿನಲ್ಲಿ, ಹಿಂದಿನಿಂದ ಬರುವ ಲಾರಿಯ ಹಾರನ್ನಿಗೆ ಬೆಚ್ಚುತ್ತಾ ಹೋಗಬೇಕು.

ಆ ಅಂಚಿನ ಕಥೆ ಓಡಿಸಿದವರಿಗೇ ಗೊತ್ತು. ಡಾಂಬರಿನ ಮೇಲೆ ಡಾಂಬರು ಹಾಕಿ ರಸ್ತೆ ಗೇಣು ಎತ್ತರ ಆಗಿರುತ್ತದೆ. ಪಕ್ಕದ ಮುರುಮ್ ಮಳೆಗೆ ಕೊಚ್ಚಿ ತಗ್ಗಾಗಿರುತ್ತದೆ. ಲಾರಿ ಬಂತೆಂದು ಕೆಳಗಿಳಿದರೆ ಚಕ್ರ ಜಾರುತ್ತದೆ, ಇಳಿಯದಿದ್ದರೆ ಜೀವ ಜಾರುತ್ತದೆ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅದರಲ್ಲಿ ಕಾಲ್ನಡಿಗೆಯವರೇ 32,825. ಇದು ಕೇಂದ್ರ ಸರ್ಕಾರದ ಸ್ವಂತ ಲೆಕ್ಕ. ಗಾಜಿನೊಳಗೆ ಕೂತವರಿಗಿಂತ ಬಯಲಲ್ಲಿ ಹೋಗುವವರ ಸಾವೇ ಹೆಚ್ಚು.

ಬೆಂಗಳೂರಿನ ಪಾಠ

ಸೈಕಲ್ ಸವಾರರು ಗುಂಪು ಕಟ್ಟಿ ದಾರಿ ಕೇಳಿದ್ದು ನಮ್ಮ ನಾಡಿನಲ್ಲೇ ನಡೆದಿದೆ. ಅದು ಎಲ್ಲಿಗೆ ಬಂದು ನಿಂತಿತೆಂಬುದನ್ನು ಔರಾದದವರು ತಿಳಿಯಬೇಕು, ಯಾಕಂದ್ರ ನಾಳೆ ನಮ್ಮ ರಸ್ತೆಗೂ ಅದೇ ಗತಿ ಬಂದೀತು.

ಬೆಂಗಳೂರಿನಲ್ಲಿ ಸಿಲ್ಕ್ ಬೋರ್ಡಿನಿಂದ ಕೃಷ್ಣರಾಜಪುರದ ಕಡೆಗೆ ಹೋಗುವ ಹೊರವರ್ತುಲ ರಸ್ತೆ ಇದೆ. ಅದರ ಬದಿಗೆ ಕಂಪ್ಯೂಟರ್ ಕಂಪನಿಗಳ ಗಾಜಿನ ಮಹಲುಗಳು ಎದ್ದವು. ಲಕ್ಷಾಂತರ ಜನರ ಕೆಲಸ ಅಲ್ಲಿ. ಕಾರುಗಳು ಇರುವೆಯಂತೆ ಸಾಲುಗಟ್ಟಿದವು. ಸೈಕಲ್ ಸವಾರರ ಗುಂಪುಗಳು ನಮಗೂ ಒಂದು ಪಟ್ಟಿ ಜಾಗ ಬಿಡಿ ಎಂದು ಬಹಳ ದಿನ ಬೆನ್ನು ಹತ್ತಿದವು. 2020ರಲ್ಲಿ, ಬಸ್ಸು ಹತ್ತಲು ಜನ ಹೆದರುತ್ತಿದ್ದ ಕೋವಿಡ್ ದಿನಗಳಲ್ಲಿ, ನಗರ ಭೂಸಾರಿಗೆ ನಿರ್ದೇಶನಾಲಯ ಅವರ ಮಾತಿಗೆ ಕಿವಿಗೊಟ್ಟಿತು. ಸುಮಾರು 17 ಕಿ.ಮೀ. ಉದ್ದಕ್ಕೆ ಬಣ್ಣದ ಪಟ್ಟಿ ಬಳಿದು, ಗೂಟ ನೆಟ್ಟು ಸೈಕಲ್ ಪಥ ಮಾಡಲು ಹೊರಟರು. ಸವಾರರು ಹಬ್ಬ ಮಾಡಿದರು.

ಹಬ್ಬ ಬಹಳ ದಿನ ನಡೆಯಲಿಲ್ಲ. ಮೊದಲು ಮೋಟಾರ್ ಸೈಕಲ್ಲುಗಳು ಒಳನುಗ್ಗಿದವು, ಗೂಟಗಳು ಮುರಿದವು. 2021ರಲ್ಲಿ ಅದೇ ರಸ್ತೆಯ ಮೇಲೆ ಮೆಟ್ರೊ ಕಂಬಗಳ ಕೆಲಸ ಶುರುವಾಯಿತು. ಸೈಕಲ್ ಪಥ ಹೋಯಿತು. 2019ರಲ್ಲಿ ಬಸ್ಸಿಗೆಂದೇ ಬಿಟ್ಟಿದ್ದ ದಾರಿಯೂ ಹೋಯಿತು. ಕಾರಿನ ದಾರಿ ಮಾತ್ರ ಉಳಿಯಿತು. ಅದಕ್ಕೂ ಮುಂಚೆ ಜಯನಗರದಲ್ಲಿ ಮಾಡಿದ ಸೈಕಲ್ ದಾರಿ ಕಾರು ನಿಲ್ಲಿಸುವ ಜಾಗವಾಗಿ ಹೋಗಿತ್ತು.

ಮೆಟ್ರೊ ಬೇಡವೆಂದು ಸೈಕಲ್ಲಿನವರು ಯಾರೂ ಹೇಳಲಿಲ್ಲ. ಆದರೆ ಆ ರಸ್ತೆಗೆ ಮೆಟ್ರೊ ಬರುತ್ತದೆಂಬುದು ಪಟ್ಟಿ ಬಳಿಯುವಾಗಲೇ ಗೊತ್ತಿತ್ತು. ಸೈಕಲ್ ದಾರಿ ಮೂಲ ನಕಾಶೆಯಲ್ಲಿ ಇರಲಿಲ್ಲ, ಆಮೇಲೆ ಅಂಟಿಸಿದ್ದು. ಅಂಟಿಸಿದ್ದನ್ನು ಕೀಳುವುದು ಸುಲಭ. ನಾವು ಕಲಿಯಬೇಕಾದ ಪಾಠ ಇಷ್ಟೇ: ರಸ್ತೆ ಮುಗಿದ ಮೇಲೆ ಕೈಮುಗಿದು ಬೇಡಿದ ಜಾಗ ನಿಲ್ಲುವುದಿಲ್ಲ. ಎಸ್ಟಿಮೇಟಿನಲ್ಲಿ ಬರೆದ ಜಾಗ ಮಾತ್ರ ನಿಲ್ಲುತ್ತದೆ.

ಇನ್ನೊಂದು ಉದಾಹರಣೆ ಬೆಂಗಳೂರು–ಮೈಸೂರು ಹೆದ್ದಾರಿ. 118 ಕಿ.ಮೀ. ರಸ್ತೆಯನ್ನು 2023ರ ಮಾರ್ಚ್ 12ರಂದು ಪ್ರಧಾನಿಗಳು ಉದ್ಘಾಟಿಸಿದರು. ಅಪಘಾತಗಳು ಹೆಚ್ಚಿದ್ದರಿಂದ ಆಗಸ್ಟ್ 1ರಿಂದ ಮುಖ್ಯ ದಾರಿಗೆ ಬೈಕು, ಆಟೋ, ಟ್ರ್ಯಾಕ್ಟರ್, ಸೈಕಲ್ ಬರಕೂಡದೆಂದರು. ನೂರು ಕಿ.ಮೀ. ವೇಗದ ಕಾರುಗಳ ನಡುವೆ ಸೈಕಲ್ ಬೇಡವೆನ್ನುವುದು ಸರಿ. ಆದರೆ ಹೊರಗೆ ಹಾಕುವ ಮೊದಲು ಪಕ್ಕದ ದಾರಿ ಸಲೀಸಾಗಿ, ಮುರಿಯದೆ ಊರಿಂದ ಊರಿಗೆ ಮುಟ್ಟುವಂತೆ ಇರಬೇಕು. ದಾರಿ ಕೊಡದೆ ಬರಬೇಡ ಎಂದರೆ ಹೊಲಕ್ಕೆ ಹೋಗುವವನು ಹಾರಿ ಹೋಗಬೇಕೇನು?

ನಿಯಮ ಇಲ್ಲವೆಂದಲ್ಲ

ಎಂಜಿನಿಯರ್ ಸಾಹೇಬರನ್ನು ಕೇಳಿದರೆ ಸಾಮಾನ್ಯವಾಗಿ ಬರುವ ಉತ್ತರ, ‘ಅದಕ್ಕೆ ಪ್ರಾವಿಜನ್ ಇಲ್ಲ.’ ಇಲ್ಲ ಎನ್ನುವುದು ಸುಳ್ಳು. ದೇಶದ ರಸ್ತೆ ಎಂಜಿನಿಯರುಗಳ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ 1934ರಲ್ಲಿ ಹುಟ್ಟಿದ್ದು. ಹೆಸರಲ್ಲಿ ಕಾಂಗ್ರೆಸ್ ಇದ್ದರೂ ರಾಜಕೀಯಕ್ಕೆ ಸಂಬಂಧವಿಲ್ಲ. ರಸ್ತೆಯ ಅಗಲ, ತಿರುವು, ಸೇತುವೆ ಎಲ್ಲದಕ್ಕೂ ಅದರ ಪುಸ್ತಕವೇ ಆಧಾರ. ಆ ಸಂಸ್ಥೆ 1962ರಷ್ಟು ಹಿಂದೆಯೇ ಸೈಕಲ್ ದಾರಿಗೆ ಅಳತೆ ಬರೆದಿಟ್ಟಿತು, 2015ರಲ್ಲಿ ಅದನ್ನು ಪರಿಷ್ಕರಿಸಿತು.

1962ರ ಅಳತೆ ಹೀಗಿತ್ತು. ಒಂದು ರಸ್ತೆಯಲ್ಲಿ ಗಂಟೆಗೆ 200ಕ್ಕಿಂತ ಹೆಚ್ಚು ಮೋಟಾರು ವಾಹನ ಓಡಾಡುತ್ತಿದ್ದರೆ, ದಟ್ಟಣೆಯ ಹೊತ್ತಿನಲ್ಲಿ ಗಂಟೆಗೆ ಬರೇ 100 ಸೈಕಲ್ ಬಂದರೂ ಪ್ರತ್ಯೇಕ ಸೈಕಲ್ ದಾರಿ ಮಾಡುವುದು ನ್ಯಾಯ. ಅದರ ಅಗಲ ಕನಿಷ್ಠ ಎರಡು ಮೀಟರ್. ಎರಡು ಮೀಟರ್ ಅಂದರೆ ಒಂದು ಮಂಚದ ಉದ್ದ. ಅರವತ್ತು ವರ್ಷದ ಹಿಂದೆ ಒಪ್ಪಿದ ಮಂಚದುದ್ದದ ಜಾಗವನ್ನು ನಾವು ಇನ್ನೂ ಹುಡುಕುತ್ತಾ ಇದ್ದೇವೆ.

ಕಾಯಿದೆಯೂ ಇದೆ. 2019ರಲ್ಲಿ ಮೋಟಾರು ವಾಹನ ಕಾಯಿದೆಗೆ ಮಾಡಿದ ತಿದ್ದುಪಡಿಯಲ್ಲಿ, ಕಾಲ್ನಡಿಗೆಯವರು ಮತ್ತು ಮೋಟಾರಿಲ್ಲದ ವಾಹನಗಳ ಓಡಾಟಕ್ಕೆ ರಾಜ್ಯಗಳು ನಿಯಮ ಮಾಡಬಹುದೆಂದು ಬರೆದಿದ್ದಾರೆ. ರಾಜ್ಯಗಳು ಮಲಗಿದ್ದವು. 2025ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟು, ಆರು ತಿಂಗಳೊಳಗೆ ಆ ನಿಯಮ ಮಾಡಿ ಎಂದು ರಾಜ್ಯಗಳಿಗೆ ಆದೇಶಿಸಿತು. ಇಷ್ಟಾದ ಮೇಲೂ ‘ಪ್ರಾವಿಜನ್ ಇಲ್ಲ’ ಎನ್ನುವವರಿಗೆ ಪುಸ್ತಕ ತೆಗೆದು ತೋರಿಸಬೇಕಾದವರು ನಾವೇ.

ಹಾಲೆಂಡ್ ದೇಶದ ಸೈಕಲ್ ದಾರಿಗಳನ್ನು ಜಗತ್ತೇ ಹೊಗಳುತ್ತದೆ. ಅವು ಆಕಾಶದಿಂದ ಉದುರಲಿಲ್ಲ. ಯುದ್ಧದ ನಂತರ ಅಲ್ಲಿಯೂ ಕಾರು ಹೆಚ್ಚಿ ಸೈಕಲ್ ಮೂಲೆ ಸೇರುತ್ತಿತ್ತು. 1971ರ ಒಂದೇ ವರ್ಷ ಅಲ್ಲಿನ ರಸ್ತೆಗಳಲ್ಲಿ ಸುಮಾರು 3,300 ಜನ ಸತ್ತರು, ಅದರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ತಂದೆ ತಾಯಂದಿರು ‘ಮಕ್ಕಳ ಕೊಲೆ ನಿಲ್ಲಿಸಿ’ ಎಂದು ಬೀದಿಗೆ ಇಳಿದರು. ಆಮೇಲೆ ಆಳುವವರು ನಕಾಶೆ ತಿದ್ದಿದರು. ಸಾಹುಕಾರ ದೇಶದಲ್ಲೂ ಕೇಳಿದ ಮೇಲೆಯೇ ಸಿಕ್ಕಿತು.

ಅಂಗಡಿಯವರ ಅಳುಕು

ಇಲ್ಲಿ ಅಂಗಡಿಯವರೊಂದಿಗೆ ಎರಡು ಮಾತು. ಸೈಕಲ್ ದಾರಿ ಎಂದ ಕೂಡಲೇ, ‘ನಮ್ಮ ಅಂಗಡಿ ಮುಂದಿನ ಜಾಗ ಹೋಯಿತು, ಗಿರಾಕಿ ಗಾಡಿ ಎಲ್ಲಿ ನಿಲ್ಲಿಸಬೇಕು?’ ಎಂಬ ಅಳುಕು ಸಹಜ. ಅಳುಕಿನಲ್ಲಿ ಅರ್ಥವಿಲ್ಲವೆಂದು ನಾವು ಹೇಳುವುದಿಲ್ಲ. ತಳ್ಳುಗಾಡಿಯವನ ಹೊಟ್ಟೆಯ ಪ್ರಶ್ನೆಯೂ ಅದರಲ್ಲಿದೆ, ಅವನಿಗೂ ಜಾಗ ಗೊತ್ತುಮಾಡಬೇಕು.

ಆದರೆ ಲೆಕ್ಕ ಹಾಕಿ ನೋಡ್ರಿ. ಅಂಗಡಿ ಮುಂದೆ ಒಂದು ಕಾರು ಬೆಳಗಿನಿಂದ ಸಂಜೆವರೆಗೆ ನಿಂತರೆ ಬರುವ ಗಿರಾಕಿ ಒಬ್ಬ. ಬಹಳ ಸಲ ಅವನೂ ಪಕ್ಕದ ಅಂಗಡಿಯವನು, ಇಲ್ಲವೇ ಸ್ವತಃ ಮಾಲೀಕರು. ಅದೇ ಜಾಗದಲ್ಲಿ ಎಂಟು ಹತ್ತು ಸೈಕಲ್ ನಿಲ್ಲುತ್ತವೆ. ಕಾರಿನವನು ದೊಡ್ಡ ಸಾಮಾನಿಗೆ ಬೀದರ್‌ಗೆ, ಉದಗೀರಕ್ಕೆ, ಹೈದರಾಬಾದಿಗೆ ಹೋದಾನು. ಸೈಕಲ್ಲಿನವನು ಹೋಗಲಾರ. ಅವನ ಉಪ್ಪು, ಎಣ್ಣೆ, ಬಟ್ಟೆ, ಬೀಜ ಎಲ್ಲ ನಿಮ್ಮಲ್ಲೇ. ಅವನು ಹೆದರದೆ ಪೇಟೆಗೆ ಬರುವಂತಾದರೆ ಗಲ್ಲಾಪೆಟ್ಟಿಗೆಗೆ ನಷ್ಟವಿಲ್ಲ.

ಬಸ್ಸಿನವರ ಪಾಲೂ ಇದರಲ್ಲುಂಟು. ಔರಾದಕ್ಕೆ ರೈಲಿಲ್ಲ. ಸಂತಪುರ, ಜನವಾಡದ ಮೇಲೆ ಬೀದರ್‌ಗೆ ಹೋಗುವ ದಾರಿಯೇ ನಮ್ಮ ಜೀವನಾಡಿ. ದಾರಿಯಿಂದ ಎರಡು ಮೂರು ಕಿ.ಮೀ. ಒಳಗಿರುವ ಊರಿನವರು ಬಸ್ ಹಿಡಿಯಲು ಸೈಕಲ್ಲಿನ ಮೇಲೆ ರಸ್ತೆಗೆ ಬರುತ್ತಾರೆ. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಬಸ್ ಪುಕ್ಕಟೆ ಆಯಿತು. ಬಸ್ಸು ಪುಕ್ಕಟೆ ಆದರೂ ಬಸ್ ನಿಲ್ಲುವ ಜಾಗಕ್ಕೆ ಮುಟ್ಟಬೇಕಲ್ಲ! ಬಂದ ಸೈಕಲ್ಲನ್ನು ಹೋಟೆಲಿನವನ ಕಾಲು ಹಿಡಿದು ನಿಲ್ಲಿಸಬೇಕು, ಸಂಜೆ ಬರುವಷ್ಟರಲ್ಲಿ ಇದ್ದರೆ ಪುಣ್ಯ. ಹಿಂದೆ ಬಸ್ ಸ್ಟ್ಯಾಂಡಿನ ಮಗ್ಗುಲಿಗೆ ಚೀಟಿ ಕೊಡುವ ಸೈಕಲ್ ಸ್ಟ್ಯಾಂಡ್ ಇರುತ್ತಿದ್ದವು. ಈಗ ಆ ಜಾಗದಲ್ಲೆಲ್ಲ ಮೋಟಾರ್ ಸೈಕಲ್ಲಿನ ದರ್ಬಾರು.

ಎಣಿಸೋಣ ಬನ್ನಿ

ನಮ್ಮ ಬೇಡಿಕೆ ದೊಡ್ಡದೇನಲ್ಲ.

ಒಂದು, ತಾಲ್ಲೂಕಿನಲ್ಲಿ ಯಾವುದೇ ರಸ್ತೆ ಅಗಲ ಮಾಡುವಾಗ, ಹೊಸ ಬಡಾವಣೆಗೆ ಮಂಜೂರಿ ಕೊಡುವಾಗ, ಊರ ಹೊರಗಿನ ಶಾಲೆ ಕಾಲೇಜಿನವರೆಗೆ ಎರಡು ಮೀಟರ್ ಸೈಕಲ್ ದಾರಿ ಎಸ್ಟಿಮೇಟಿನಲ್ಲೇ ಬರಬೇಕು. ಬರೇ ಬಣ್ಣದ ಪಟ್ಟಿ ಸಾಲದು, ನಡುವೆ ಕಟ್ಟೆ ಇರಬೇಕು.

ಎರಡು, ಸೇತುವೆ ಕಟ್ಟುವಾಗ ಈ ಜಾಗ ಮರೆಯಲೇಬಾರದು. ರಸ್ತೆಯನ್ನು ನಾಳೆ ಅಗಲ ಮಾಡಬಹುದು, ಮಾಂಜ್ರಾ ನದಿಯ ಮೇಲೆ ಕಟ್ಟಿದ ಸೇತುವೆಯನ್ನು ಐವತ್ತು ವರ್ಷ ಅಲುಗಾಡಿಸಲು ಬಾರದು.

ಮೂರು, ಬಸ್ ಸ್ಟ್ಯಾಂಡ್, ಸಂತೆ, ತಹಸೀಲ್ ಕಚೇರಿ, ದೊಡ್ಡ ಕ್ರಾಸುಗಳಲ್ಲಿ ನೆರಳಿರುವ ಸೈಕಲ್ ಸ್ಟ್ಯಾಂಡ್ ಆಗಬೇಕು.

ಇದಕ್ಕೆ ಘೋಷಣೆ ಕೂಗಿದರೆ ಸಾಲದು. ಸಾಹೇಬರಿಗೆ ಅಂಕಿ ಬೇಕು, ಅಂಕಿ ಕೊಡೋಣ. ಒಂದು ವಾರ, ಬೆಳಿಗ್ಗೆ 9ರಿಂದ 10, ಸಂಜೆ 4ರಿಂದ 5, ಊರೊಳಗೆ ಬರುವ ದಾರಿಗಳಲ್ಲಿ ಇಬ್ಬಿಬ್ಬರು ಕೂತು ಸೈಕಲ್ಲೆಷ್ಟು, ಮೋಟಾರು ವಾಹನವೆಷ್ಟು ಎಂದು ಗೀಟು ಹಾಕಿದರೆ ಸಾಕು. ಕಾಲೇಜು ಹುಡುಗರು, ಪಂಚರ್ ಅಂಗಡಿಯವರು, ಮೇಷ್ಟ್ರುಗಳು ಕೈಜೋಡಿಸಬಹುದು. ಸಂಘ ಇರಲಿ, ಬಿಡಲಿ, ಒಂದು ವಹಿ ಮತ್ತು ಒಂದು ಪೆನ್ನು ಇದ್ದರಾಯಿತು. ಕೆಲವು ದಾರಿಯಲ್ಲಿ ಅಂಕಿ ನೂರು ಮುಟ್ಟಬಹುದು, ಕೆಲವು ಕಡೆ ಮುಟ್ಟಲಿಕ್ಕಿಲ್ಲ. ಮುಟ್ಟದ ಕಡೆ ಜನ ಹೆದರಿ ಸೈಕಲ್ ಬಿಟ್ಟರೇ ಎಂದೂ ಕೇಳಿ ಬರೆಯೋಣ. ಮನೆಯವರು ಬೇಡವೆಂದದ್ದಕ್ಕೆ ಸೈಕಲ್ ಮೂಲೆಗಿಟ್ಟ ಹುಡುಗಿ ಯಾವ ಎಣಿಕೆಯಲ್ಲೂ ಸಿಗುವುದಿಲ್ಲ.

ಆ ವಹಿಯ ಒಂದು ಪ್ರತಿ ಪಟ್ಟಣ ಪಂಚಾಯಿತಿಗೆ, ಒಂದು ಲೋಕೋಪಯೋಗಿ ಇಲಾಖೆಗೆ, ಒಂದು ಶಾಸಕರಿಗೆ, ಒಂದು ಜಿಲ್ಲಾಧಿಕಾರಿಗಳಿಗೆ ಹೋಗಲಿ. ಪ್ರತಿಯೊಂದಕ್ಕೂ ಠಸ್ಸೆ ಹಾಕಿದ ಸ್ವೀಕೃತಿ ಪಡೆಯಿರಿ. ಅರ್ಜಿ ಬಂದೇ ಇಲ್ಲವೆಂದು ನಾಳೆ ಯಾರೂ ಹೇಳಬಾರದು.

ಮುಂದಿನ ಭೂಮಿಪೂಜೆಗೆ ತೆಂಗಿನಕಾಯಿ ಒಡೆಯುವ ಮೊದಲು ಯಾರಾದರೂ ಒಬ್ಬರು ಎದ್ದು ನಿಂತು ಕೇಳಲಿ: ‘ಸಾಹೇಬರೇ, ನಕಾಶೆ ತೋರಿಸಿ. ಸೈಕಲ್ಲಿನವನ ಎರಡು ಮೀಟರ್ ಎಲ್ಲಿ?’ ಗುದ್ದಲಿ ಬಿದ್ದ ಮೇಲೆ ಕೇಳಿದರೆ ಬರುವ ಉತ್ತರ ನಮಗೆಲ್ಲ ಗೊತ್ತೇ ಇದೆ.