ಬಸ್ಸಲ್ಲೇ ಮಲಗೋ ಕಂಡಕ್ಟರಿಗೆ ಅಲಾರಂ ಯಾವಾಗ?

2023ರ ಮಾರ್ಚ್ 10ರ ನಸುಕಿನಲ್ಲಿ ಬೆಂಗಳೂರಿನ ಲಿಂಗಧೀರನಹಳ್ಳಿ ನಿಲ್ದಾಣದಲ್ಲಿ ನಿಂತಿದ್ದ ಬಿಎಂಟಿಸಿ ಬಸ್ಸಿಗೆ ಬೆಂಕಿ ಬಿತ್ತು. ಡ್ರೈವರ್ ವಿಶ್ರಾಂತಿ ಕೊಠಡಿಯಲ್ಲಿದ್ದರು, ಬದುಕಿದರು. ಬಸ್ಸಲ್ಲೇ ಮಲಗಿದ್ದ ಕಂಡಕ್ಟರ್ ಸುಟ್ಟು ಸತ್ತರು.

ಬಸ್ಸುಗಳ ಬೆಂಕಿ ಸುರಕ್ಷತೆಗೆ ಕೇಂದ್ರದ ಮಾನದಂಡ ಎಐಎಸ್-135. ಅದು ಮೊದಲು ನೋಡಿದ್ದು ಎಂಜಿನ್ ಭಾಗವನ್ನು ಮಾತ್ರ: ಅಲ್ಲಿ ಬೆಂಕಿ ಹತ್ತಿದರೆ ತಾನಾಗಿಯೇ ಆರಿಸಬೇಕು. 2022ರ ಜನವರಿಯ ಅಧಿಸೂಚನೆ ಜನ ಕೂರುವ ಭಾಗಕ್ಕೂ ಅಲಾರಂ, ರಕ್ಷಣೆ ತಂತು. ಆದರೆ ದೂರ ಪ್ರಯಾಣದ ಬಸ್ಸು, ಶಾಲಾ ಬಸ್ಸುಗಳಿಗಷ್ಟೇ.

ಸಿಟಿ ಬಸ್ಸು ಯಾಕಿಲ್ಲ? ಬೇಗ ಇಳೀಬಹುದು ಅಂತಾನಾ? ಕುವೆಂಪುನಗರ ಡಿಪೋ ಬಸ್ಸಲ್ಲಿ ಅರ್ಧ ಗಂಟೆ ಕೂರೋ ನಮಗೆ ಆ ಲೆಕ್ಕ ಸರಿ. ನೈಟ್ ಹಾಲ್ಟ್ ಮಾಡೋರಿಗೆ? ನಿದ್ದೆಯಲ್ಲಿದ್ದವರನ್ನು ಹೊಗೆ ಎಬ್ಬಿಸಲ್ಲ, ಪ್ರಜ್ಞೆ ತಪ್ಪಿಸುತ್ತೆ. ಕೆಎಸ್‌ಆರ್‌ಟಿಸಿ ದೆಹಲಿಗೆ ಕಾಯಬೇಕಿಲ್ಲ. ಮುಂದಿನ ಟೆಂಡರಲ್ಲೇ ಹೊಗೆ ಅಲಾರಂ ಕೇಳಬಹುದು.