ಕೈಗೆ ಗ್ರೀಸ್ ಅಂಟದ ಎಂಟೆಕ್

‘ಇಂಟೆಲಿಜೆಂಟ್ ಸಿಸ್ಟಮ್ಸ್ ಅಂಡ್ ರೋಬೋಟಿಕ್ಸ್’ ಅಂತ ಎಂಟೆಕ್ ಸರ್ಟಿಫಿಕೇಟಿನ ಮೇಲೆ ಅಚ್ಚಾಗಿರುತ್ತದೆ. ‘ಅಂಡ್’ ಆದಮೇಲೆ ಬರುವ ಪದದ ಸಹವಾಸಕ್ಕೇ ಹೋಗದೆ ಎರಡು ವರ್ಷ ಮುಗಿಸಿ, ಒಳ್ಳೆಯ ಗ್ರೇಡೂ ತೆಗೆದುಕೊಂಡು ಹೊರಬರಬಹುದು. ಪುಣೆಯ ಕಂಪನಿಯೊಂದರಲ್ಲಿ ಹೊಸಬರನ್ನು ಇಂಟರ್‌ವ್ಯೂ ಮಾಡಲು ಕೂರುವ ನನಗೆ ಇಂಥವರು ಪ್ರತಿ ವರ್ಷ ಸಿಗುತ್ತಾರೆ. ರೀಇನ್‌ಫೋರ್ಸ್‌ಮೆಂಟ್ ಲರ್ನಿಂಗ್ ಬಗ್ಗೆ ಕೇಳಿದರೆ ಬೋರ್ಡ್ ತುಂಬ ಸಮೀಕರಣ ಬರೆಯುತ್ತಾರೆ. “ಮೋಟರ್ ಬಿಸಿಯಾಗ್ತಿದೆ, ತಿರುಗ್ತಿಲ್ಲ. ಮೊದಲು ಏನು ನೋಡ್ತೀರಿ?” ಅಂದರೆ ನನ್ನ ಮುಖ ನೋಡುತ್ತಾರೆ. ಅವರನ್ನು ಬೈಯಲಾರೆ. ಬಿಸಿಯಾಗುವ ಮೋಟರನ್ನು ಅವರ ಮುಂದೆ ಯಾರೂ ಇಟ್ಟೇ ಇಲ್ಲ.

ನಾಲ್ಕು ಸೆಮಿಸ್ಟರುಗಳಲ್ಲಿ ಮೊದಲೆರಡು ಕೋರ್ಸ್‌ವರ್ಕಿಗೆ ಹೋಗುತ್ತವೆ, ಉಳಿದೆರಡು ಥೀಸಿಸ್ ಮತ್ತು ಪ್ಲೇಸ್‌ಮೆಂಟ್ ಓಡಾಟಕ್ಕೆ. ಲ್ಯಾಬಿನಲ್ಲಿ ಒಂದು ವಿದೇಶಿ ರೋಬೋಟ್ ತೋಳು ಇರುತ್ತದೆ. ಕೆಟ್ಟರೆ ರಿಪೇರಿಗೆ ದುಡ್ಡಿಲ್ಲವೆಂದು ಅದಕ್ಕೆ ಪ್ಲಾಸ್ಟಿಕ್ ಕವರ್ ಹೊದಿಸಿಟ್ಟಿರುತ್ತಾರೆ. ಅತಿಥಿಗಳು ಬಂದ ದಿನ ಮಾತ್ರ ಕವರ್ ತೆಗೆದು ಕೈ ಬೀಸಿಸುತ್ತಾರೆ. ಮಿಕ್ಕ ದಿನಗಳಲ್ಲಿ ಎಲ್ಲವೂ ಗೆಜೀಬೋ, ಮುಜೋಕೋಗಳ ಒಳಗೆ, ಸಿಮ್ಯುಲೇಶನ್ನಿನಲ್ಲಿ. ಅಲ್ಲಿ ಸ್ಕ್ರೂ ಸಡಿಲವಾಗುವುದಿಲ್ಲ, ಕನೆಕ್ಟರ್ ಕಿತ್ತುಬರುವುದಿಲ್ಲ. ಗೇರಿನ ಹಲ್ಲುಗಳ ನಡುವಿನ ಸಡಿಲವೂ ನೀವಾಗಿ ಕೋಡ್ ಬರೆದು ಸೇರಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ಮುಂದಿನ ಕಾಲವೆಲ್ಲ ಸಿಮ್ಯುಲೇಶನ್ನೇ ಎನ್ನುವವರು ಓಪನ್‌ಎಐ 2019ರಲ್ಲಿ ತೋರಿಸಿದ ರೂಬಿಕ್ ಕ್ಯೂಬ್ ಬಿಡಿಸುವ ಕೈಯನ್ನು ನೆನಪಿಸಿಕೊಳ್ಳಲಿ. ಅದರ ತರಬೇತಿ ಪೂರ್ತಿ ಸಿಮ್ಯುಲೇಶನ್ನಿನಲ್ಲಿ. ಘರ್ಷಣೆ, ಗಾತ್ರ, ತೂಕಗಳನ್ನು ಬದಲಿಸಿ ಬದಲಿಸಿ ಕಲಿಸಿದ್ದರು. ಕಂಪ್ಯೂಟರಿಗೆ ಬರವಿಲ್ಲದ ಜಾಗ ಅದು. ಅಷ್ಟಾಗಿಯೂ ನಿಜವಾದ ಕೈಯಲ್ಲಿ, ತೀರ ಕಲಸಿಟ್ಟ ಕ್ಯೂಬನ್ನು ಬಿಡಿಸಲು ಆದದ್ದು ಶೇ. 20 ಸಲ ಮಾತ್ರ. ಇದು ಅವರೇ ಕೊಟ್ಟ ಲೆಕ್ಕ. ಇನ್ನೊಂದು ವಿಷಯವಿದೆ. ಯಾವ ಮುಖವನ್ನು ಯಾವಾಗ ತಿರುಗಿಸಬೇಕೆಂದು ಹೇಳಿಕೊಟ್ಟದ್ದು ಹಳೆಯ ಕಾಲದ ಸಾದಾ ಅಲ್ಗಾರಿದಮ್. ‘ಬುದ್ಧಿ’ಯ ಭಾಗ ಸಲೀಸಾಗಿ ಆಯಿತು, ಬೆರಳಿನ ಕೆಲಸ ಬೆವರಿಳಿಸಿತು. ಬುದ್ಧಿಪರೀಕ್ಷೆಯಲ್ಲಿ ದೊಡ್ಡವರ ಸಮಕ್ಕೆ ನಿಲ್ಲುವುದು ಕಂಪ್ಯೂಟರಿಗೆ ಸುಲಭ, ಒಂದು ವರ್ಷದ ಕೂಸಿನ ಹಾಗೆ ನೋಡುವುದು, ಓಡಾಡುವುದು ಕಷ್ಟ ಎಂದು ಹಾನ್ಸ್ ಮೊರಾವೆಕ್ 1988ರಲ್ಲೇ ಬರೆದಿದ್ದರು. ನಮ್ಮ ಸಿಲಬಸ್ಸು ಸುಲಭದ್ದಕ್ಕೇ ಹೆಚ್ಚು ಮಾರ್ಕ್ಸ್ ಇಟ್ಟಿದೆ.

ದುಡ್ಡಿಲ್ಲ ಎನ್ನುವುದು ಅರ್ಧ ಸತ್ಯ. ಕೈಕೆಲಸ ಐಟಿಐ ಹುಡುಗರದ್ದು, ನಮ್ಮದು ತಲೆಕೆಲಸ ಎಂಬ ಹಳೆಯ ವಿಂಗಡಣೆ ಉಳಿದರ್ಧ. ಅದು ಎಲ್ಲಿಂದ ಬಂತೆಂದು ನಮ್ಮಂಥ ಜಾತಿಯ ದೇಶದಲ್ಲಿ ಬಿಡಿಸಿ ಹೇಳಬೇಕಿಲ್ಲ. ಮಷೀನಿನ ಜಾತಕವೆಲ್ಲ ಗೊತ್ತಿರುವ ಲ್ಯಾಬ್ ಟೆಕ್ನಿಷಿಯನ್ನನ ಹೆಸರು ಥೀಸಿಸ್ಸಿನ ಕೃತಜ್ಞತೆಯಲ್ಲಿ ಬಂದರೆ ಪುಣ್ಯ.

ಇದೇ ವಿಂಗಡಣೆಯ ಇನ್ನೊಂದು ತುದಿ ನಾವಿರುವ ಊರುಗಳ ಮ್ಯಾನ್‌ಹೋಲುಗಳಲ್ಲಿದೆ. ಮಲ ಬಾಚಿಸುವುದನ್ನೂ, ರಕ್ಷಣೆಯಿಲ್ಲದೆ ಮನುಷ್ಯರನ್ನು ಒಳಚರಂಡಿಗೆ ಇಳಿಸುವುದನ್ನೂ ನಿಷೇಧಿಸುವ ಕಾಯ್ದೆ ಬಂದದ್ದು 2013ರಲ್ಲಿ. ದೆಹಲಿಯಲ್ಲಿ, ಮುಂಬೈಯಲ್ಲಿ ಆಮೇಲೂ ಉಸಿರುಗಟ್ಟಿ ಸತ್ತಿದ್ದಾರೆ. ಇಂಟೆಲಿಜೆಂಟ್ ಸಿಸ್ಟಮ್ಸ್ ಓದುವವರಿಗೆ ಇದಕ್ಕಿಂತ ಘನವಾದ ಸಮಸ್ಯೆ ಯಾವುದಿದೆ? ಒಳಗೆ ಕತ್ತಲೆ, ಕ್ಯಾಮೆರಾಕ್ಕೆ ಕೆಸರು ಮೆತ್ತುತ್ತದೆ, ಜಿಪಿಎಸ್ ಸಿಗುವುದಿಲ್ಲ, ಮೀಥೇನ್ ಇರುವ ಕಡೆ ಒಂದು ಕಿಡಿಯೂ ಹಾರಬಾರದು. 2018ರಲ್ಲಿ ತಿರುವನಂತಪುರದಲ್ಲಿ ಕೆಲಸಕ್ಕಿಳಿದ ‘ಬ್ಯಾಂಡಿಕೂಟ್’ ರೋಬೋಟನ್ನು ಮಾಡಿದ್ದು ಜೆನ್‌ರೋಬೋಟಿಕ್ಸ್ ಎಂಬ ಕಂಪನಿ ಕಟ್ಟಿಕೊಂಡ ಕೇರಳದ ಇಂಜಿನಿಯರಿಂಗ್ ಕಾಲೇಜಿನ ಹುಡುಗರು. ಅದೊಂದರಿಂದ ಸಾವು ನಿಂತಿಲ್ಲ. ಮಾಡಬೇಕಾದದ್ದು ಇನ್ನೂ ರಾಶಿ ಇದೆ. ನಮ್ಮ ಥೀಸಿಸ್ಸುಗಳು ಮಾತ್ರ ಮೇಜಿನ ಮೇಲೆ ಬಣ್ಣದ ಬ್ಲಾಕುಗಳನ್ನು ಜೋಡಿಸುತ್ತಿವೆ.

ವಿದ್ಯಾರ್ಥಿಗಳ ಮಾತೂ ನ್ಯಾಯವೇ. ಗೇಟ್ ಪಾಸಾಗಿ ಬಂದವರ ಸ್ಟೈಪೆಂಡ್ ತಿಂಗಳಿಗೆ 12,400 ರೂಪಾಯಿ. 2023ರಲ್ಲಿ ಪಿಎಚ್‌ಡಿ ಫೆಲೋಶಿಪ್ 31,000ದಿಂದ 37,000ಕ್ಕೆ ಏರಿದಾಗಲೂ ಅದು ಕದಲಲಿಲ್ಲ. ಮುಂಬೈಯಲ್ಲಿ ಆ ದುಡ್ಡಿಗೆ ಬದುಕುವವರು ಬೇಗ ಸಾಫ್ಟ್‌ವೇರ್ ಕೆಲಸ ಹಿಡಿಯಲು ನೋಡಿದರೆ ತಪ್ಪೇನು? ಆದ್ದರಿಂದ ಬದಲಾಗಬೇಕಾದದ್ದು ನಿಯಮ. ತಾನೇ ಕಟ್ಟಿದ, ಹೊರೆ ಹೊತ್ತು ಒಂದು ದಿನವಿಡೀ ಓಡಿದ ಯಂತ್ರ ತೋರಿಸದವರಿಗೆ ರೋಬೋಟಿಕ್ಸಿನ ಪದವಿ ಕೊಡಬಾರದು. ವೈವಾಕ್ಕೆ ಪ್ರೊಫೆಸರರ ಪಕ್ಕ ಒಬ್ಬ ಫಿಟ್ಟರ್ ಕೂರಬೇಕು, ಅವನಿಗೂ ಮಾರ್ಕ್ಸ್ ಹಾಕುವ ಹಕ್ಕಿರಬೇಕು. ಲಕ್ಷಗಟ್ಟಲೆ ಬೇಕಿಲ್ಲ. ಗುಜರಿಯಿಂದ ತಂದ ಕಾರಿನ ವೈಪರ್ ಮೋಟರು, ಲ್ಯಾಮಿಂಗ್ಟನ್ ರೋಡಿನಲ್ಲೋ ಎಸ್.ಪಿ. ರೋಡಿನಲ್ಲೋ ಸಿಗುವ ಒಂದು ಬೋರ್ಡು, ಲೇತಿನಲ್ಲಿ ಕಡೆಸಿದ ಎರಡು ಶಾಫ್ಟು ಇದ್ದರೆ ಶುರುಮಾಡಬಹುದು.

ಈ ವರ್ಷ ಅಡ್ಮಿಷನ್ನಿಗೆ ಹೊರಟವರು ಪ್ಲೇಸ್‌ಮೆಂಟ್ ಪಟ್ಟಿ ನೋಡುವ ಮೊದಲು ಲ್ಯಾಬಿಗೆ ಹೋಗಿ. ಆ ತೋಳನ್ನು ಕೊನೆಯ ಸಲ ಬಿಚ್ಚಿ ರಿಪೇರಿ ಮಾಡಿದ ವಿದ್ಯಾರ್ಥಿ ಯಾರು, ಲ್ಯಾಬಿನ ಬೀಗದ ಕೈ ಯಾರ ಹತ್ತಿರ ಇರುತ್ತದೆ, ರಾತ್ರಿ ಎಷ್ಟು ಗಂಟೆಯ ತನಕ ತೆರೆದಿರುತ್ತದೆ ಎಂದು ಕೇಳಿ.